ಯಾರ ಜಾತಕಕ್ಕಾದರೂ ಒಪ್ಪುವ ಮಾತು

ಹೊರಗೆ ಗಟ್ಟಿ, ಒಳಗೆ ಮೃದು; ನಂಬಿದವರಿಂದಲೇ ಮೋಸ ಹೋಗುವವರು. ಸಿಂಹ ರಾಶಿಯವರ ಗುಣವೆಂದು ಬೆಳಗಿನ ಟಿ.ವಿ.ಯಲ್ಲಿ ಕೇಳಿದ ಇದೇ ಮಾತನ್ನು ಕನ್ಯಾ ರಾಶಿಯವರಿಗೆ ಹೇಳಿ ನೋಡಿ, ಅವರೂ ತಲೆದೂಗುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮೊಬ್ಬರದೇ ವ್ಯಕ್ತಿತ್ವ' ಎಂದು ಒಂದೇ ವಿವರಣೆಯನ್ನು ಹಂಚಿದ. ಅದು ತಮಗೆಷ್ಟು ಒಪ್ಪುತ್ತದೆಂದು ಅವರು ಕೊಟ್ಟ ಅಂಕದ ಸರಾಸರಿ ಐದಕ್ಕೆ 4.26. ವಾಕ್ಯಗಳನ್ನು ಅವನು ಹೆಚ್ಚಾಗಿ ಎತ್ತಿಕೊಂಡದ್ದು ಜ್ಯೋತಿಷ್ಯದ ಪುಸ್ತಕದಿಂದಲೇ.

ನಮ್ಮ ಮಂಡ್ಯ ಜಿಲ್ಲೆಗೇ ಬನ್ನಿ. ಪಾಂಡವಪುರದ ಕಬ್ಬು ಬೆಳೆಗಾರನಿಗೆ 'ಬರಬೇಕಾದ ದುಡ್ಡು ಎಲ್ಲೋ ನಿಂತಿದೆ' ಎನ್ನಿ. ನಾಗಮಂಗಲದ ಖುಷ್ಕಿ ರೈತನಿಗೆ ನೀರಿನ ಚಿಂತೆ ಎನ್ನಿ. ಕೆ.ಆರ್. ಪೇಟೆಯ ತಾಯಿಗೆ 'ಕರುಳಿನ ಕುಡಿಯೊಂದು ದೂರದಲ್ಲಿದೆ' ಎನ್ನಿ. ಆ ತಾಲ್ಲೂಕಿನವರು ಮುಂಬೈಯಲ್ಲಿ ಎಷ್ಟು ಜನರಿದ್ದಾರೆಂದು 2020ರ ಕೊರೊನಾದಲ್ಲಿ ನಾಡಿಗೆಲ್ಲ ಗೊತ್ತಾಯಿತು. ಇಷ್ಟು ಹೇಳಲು ಗ್ರಹಗತಿ ಬೇಕಿಲ್ಲ, ಊರಿನ ಪರಿಚಯವಿದ್ದರೆ ಸಾಕು.

ಶ್ರೀರಂಗಪಟ್ಟಣದ್ದು ಹಳೆಯ ಕಥೆ. 1799ರ ಮೇ 4ರ ಬೆಳಿಗ್ಗೆ ಜೋಯಿಸರು ದಿನ ಚೆನ್ನಾಗಿಲ್ಲವೆಂದು ಟಿಪ್ಪುವನ್ನು ಎಚ್ಚರಿಸಿದರು, ಅವನು ದಾನ ಕೊಟ್ಟ ಎಂದು ಇತಿಹಾಸಕಾರರು ಬರೆದಿದ್ದಾರೆ. ಮಧ್ಯಾಹ್ನ ಕೋಟೆ ಬಿತ್ತು. ಭವಿಷ್ಯ ಫಲಿಸಿತಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಬ್ರಿಟಿಷರ ಫಿರಂಗಿಗೆ ಗೋಡೆ ಆಗಲೇ ಒಡೆದಿತ್ತು. ಆ ವಾರದಲ್ಲಿ ಚೆನ್ನಾಗಿದ್ದ ದಿನ ಯಾವುದು?

'ಕೇಳಿ ಖುಷಿಪಟ್ಟರೆ ಯಾರ ಗಂಟು ಹೋಯಿತು?' ಎನ್ನುತ್ತಾರೆ. ಹೋಗುತ್ತದೆ ಸ್ವಾಮಿ. ಗುಣವನ್ನು ಸರಿಯಾಗಿ ಹೇಳಿದವರು ಎಂಬ ನಂಬಿಕೆ ಕುದುರಿದ ಮೇಲೆಯೇ ಕುಜದೋಷದ ಮಾತು ಬರುವುದು, ಶಾಂತಿಯ ಖರ್ಚಿನ ಪಟ್ಟಿ ಬರುವುದು. ಮೂಲಾ ನಕ್ಷತ್ರದವಳು ಮಾವನಿಗೆ ಆಗುವುದಿಲ್ಲ ಎಂದು ಹೆಣ್ಣನ್ನು ಬೇಡವೆನ್ನುವುದೂ ಆ ನಂಬಿಕೆಯ ಬಲದಿಂದಲೇ. ಹೆಣ್ಣು ಸಿಗುತ್ತಿಲ್ಲವೆಂದು 2023ರಲ್ಲಿ ಮದುವೆಯಾಗದ ಗಂಡುಮಕ್ಕಳು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟ ಜಿಲ್ಲೆಯಿದು. ಇಲ್ಲಿಯೂ ಜಾತಕ ಕೂಡಲಿಲ್ಲವೆಂದು ಸಂಬಂಧ ಮುರಿಯುತ್ತಾರೆ! ಮೌಢ್ಯ ಪ್ರತಿಬಂಧಕ್ಕೆಂದೇ 2017ರಲ್ಲಿ ರಾಜ್ಯ ತಂದ ಕಾಯ್ದೆ ಜ್ಯೋತಿಷಿಗಳ ಸಲಹೆಯನ್ನೂ ವಾಸ್ತುವನ್ನೂ ಹೊರಗಿಟ್ಟಿತು. ಮತದ ಲೆಕ್ಕ ಬಲ್ಲವರ ಜಾಣತನ ಅದು.

ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹನ್ನೆರಡು ರಾಶಿಗಳ ಗುಣವಿವರಣೆಯಿಂದ ರಾಶಿಯ ಹೆಸರು ಅಳಿಸಿ, ಮೇಲೆ ಹೆಸರಿಸಿದ ನಾಲ್ಕೂ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ಕೊಡಿ. ತಂತಮ್ಮದನ್ನು ಅವರೇ ಆರಿಸಲಿ. ಎಷ್ಟು ಮಂದಿಯದು ಸರಿಯಾಯಿತೆಂದು ಜ್ಯೋತಿಷಿಗಳ ಎದುರಿಗೇ ಎಣಿಸೋಣ.