ಭಯದ ವ್ಯಾಪಾರ ಮತ್ತು ಪಿಸ್ತೂಲಿನ ವ್ಯಾಮೋಹ

ಅಮೇರಿಕದ ವರ್ಜೀನಿಯಾ ರಾಜ್ಯದಲ್ಲಿ 1993ರಲ್ಲಿ ಒಂದು ವಿಚಿತ್ರ ಕಾನೂನು ಜಾರಿಗೆ ಬಂತು. ಸಾಮಾನ್ಯ ನಾಗರಿಕನೊಬ್ಬ ಮೂವತ್ತು ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ಪಿಸ್ತೂಲು ಖರೀದಿಸುವಂತಿಲ್ಲ ಎಂಬುದೇ ಆ ಕಾನೂನು. ವರ್ಷಕ್ಕೆ ಹನ್ನೆರಡು ಪಿಸ್ತೂಲುಗಳಿಗೆ ಅನುಮತಿ ನೀಡುವ ಈ ಮಿತಿಯನ್ನೂ ಸಹಿಸಲಾಗದವರು 2012ರಲ್ಲಿ ಅದನ್ನು ರದ್ದುಪಡಿಸಿದರು. ಅದು ಮರಳಿ ಬರಲು 2020ರ ತನಕ ಕಾಯಬೇಕಾಯಿತು. ತಿಂಗಳಿಗೊಂದು ಪಿಸ್ತೂಲು ಸಾಲದು ಎಂದು ವಾದಿಸುವ ಮನುಷ್ಯನ ಅಗತ್ಯವಾದರೂ ಏನು? ಅವನ ಮನೆಗೆ ತಿಂಗಳಿಗೊಬ್ಬ ಹೊಸ ಶತ್ರು ಬರುತ್ತಾನೆಯೇ?

ಇದೇ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ 2007ರ ಏಪ್ರಿಲ್ 16ರಂದು ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಕೊಂದು ತಾನೂ ಸತ್ತ. ಅವನ ಬಳಿ ಎರಡು ಪಿಸ್ತೂಲುಗಳಿದ್ದವು. ಮೊದಲನೆಯದನ್ನು ಫೆಬ್ರವರಿಯಲ್ಲಿ ಪಡೆದಿದ್ದ ಆತ, ಕಾನೂನು ಹೇಳಿದ ಮೂವತ್ತು ದಿನಗಳು ಕಳೆಯುವ ತನಕ ತಾಳ್ಮೆಯಿಂದ ಕಾದು ಎರಡನೆಯದನ್ನು ಮಾರ್ಚ್‌ನಲ್ಲಿ ಕೊಂಡಿದ್ದ. ಆಯುಧದ ಹಂಬಲವನ್ನು ಕಾನೂನು ಮುಂದೂಡಬಲ್ಲುದೇ ಹೊರತು ಅಳಿಸಲಾರದು ಎಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಬೇಕಿಲ್ಲ. ಹಂಬಲ ಹುಟ್ಟುವುದು ಹೃದಯದಲ್ಲಿ. ಚಿಕಿತ್ಸೆಯೂ ಅಲ್ಲಿಂದಲೇ ಆರಂಭವಾಗಬೇಕು.

ಜಗತ್ತಿನ ಆಯುಧಗಳ ಲೆಕ್ಕವಿಡುವ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೇರಿಕದ ನಾಗರಿಕರ ಕೈಯಲ್ಲಿದ್ದ ಬಂದೂಕುಗಳ ಸಂಖ್ಯೆ 39 ಕೋಟಿ 30 ಲಕ್ಷ. ಅಂದರೆ ತೊಟ್ಟಿಲ ಕೂಸನ್ನೂ ಸೇರಿಸಿ ಪ್ರತಿ ನೂರು ಮಂದಿಗೆ 120ಕ್ಕೂ ಹೆಚ್ಚು. ಇವು ಎಲ್ಲ ಮನೆಗಳಲ್ಲಿ ಸಮಾನವಾಗಿ ಹಂಚಿಹೋಗಿಲ್ಲ. 2015ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ನಡೆಸಿದ ಸಮೀಕ್ಷೆಯೊಂದರ ಪ್ರಕಾರ ವಯಸ್ಕರ ಪೈಕಿ ಕೇವಲ ಶೇ. 3ರಷ್ಟು ಮಂದಿಯ ಬಳಿ ದೇಶದ ಅರ್ಧದಷ್ಟು ಬಂದೂಕುಗಳಿದ್ದವು. ಸರಾಸರಿ ತಲಾ ಹದಿನೇಳು! ಎರಡೇ ಕೈಗಳಿರುವ ಮನುಷ್ಯನಿಗೆ ಹದಿನೇಳು ಬಂದೂಕುಗಳು ರಕ್ಷಣೆಯ ಸಾಧನವಾಗಲು ಸಾಧ್ಯವೇ? ಇದು ಸಂಗ್ರಹದ ವ್ಯಾಮೋಹ. ಸೀರೆ, ಚಿನ್ನ, ಮೊಬೈಲು, ಕಾರುಗಳ ವ್ಯಾಮೋಹದ ಒಡಹುಟ್ಟು. ವ್ಯತ್ಯಾಸವಿಷ್ಟೇ, ಈ ವಸ್ತುವಿನ ಬಾಯಲ್ಲಿ ಸಾವಿದೆ.

ಪೇಟೆ ಈ ವ್ಯಾಮೋಹವನ್ನು ಚೆನ್ನಾಗಿ ಬಲ್ಲದು. ಸೊಂಟದಲ್ಲಿ ಅಡಗುವ ಪುಟ್ಟ ಮಾದರಿ, ಹೆಂಗಸರ ಕೈಚೀಲಕ್ಕೊಪ್ಪುವ ಗುಲಾಬಿ ಬಣ್ಣದ ಮಾದರಿ, ಕಳೆದ ವರ್ಷದ್ದಕ್ಕಿಂತ ಒಂದೆರಡು ಗುಂಡು ಹೆಚ್ಚು ಹಿಡಿಯುವ ಹೊಸ ಮಾದರಿ ಹೀಗೆ ಹಳೆಯದು ತುಕ್ಕು ಹಿಡಿಯುವ ಮೊದಲೇ ಹೊಸದರ ಆಮಿಷ ಎದುರಿಗಿರುತ್ತದೆ. ಈ ಸರಕನ್ನು ಮಾರಲು ಬಳಸುವ ಮುಖ್ಯ ಬಂಡವಾಳವೇ ಭಯ. 1999ರಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಬಂದೂಕು ಉಳ್ಳವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಬೇಟೆಯನ್ನು ಮುಖ್ಯ ಕಾರಣವಾಗಿ ಹೇಳಿದ್ದರು. 2023ರ ವೇಳೆಗೆ ಶೇ. 72ರಷ್ಟು ಮಂದಿ ಸ್ವರಕ್ಷಣೆಯೇ ಪ್ರಮುಖ ಕಾರಣವೆಂದರು. ಕಾಡಿನ ಜಿಂಕೆಯ ಜಾಗದಲ್ಲಿ ನೆರೆಮನೆಯ ಮನುಷ್ಯ ಬಂದು ನಿಂತಿದ್ದಾನೆ.

ಈ ಭಯ ಎಷ್ಟರ ಮಟ್ಟಿಗೆ ಕೃತಕವಾದುದು ಎಂಬುದನ್ನು ವ್ಯಾಪಾರದ ಏರಿಳಿತವೇ ಬಯಲುಗೊಳಿಸುತ್ತದೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಎಳೆಯ ಮಕ್ಕಳು ಗುಂಡಿಗೆ ಬಲಿಯಾದಾಗ ಅಂಗಡಿಗಳ ಮುಂದೆ ಜನ ಮುಗಿಬಿದ್ದರು. ಒಬಾಮ ಸರಕಾರ ಬಂದೂಕುಗಳನ್ನು ನಿರ್ಬಂಧಿಸೀತೆಂಬ ಅಂಜಿಕೆ ಮಾರಾಟವನ್ನು ಗಗನಕ್ಕೇರಿಸಿತು. 2016ರಲ್ಲಿ ಬಂದೂಕಿನ ಪರವಾಗಿದ್ದ ಟ್ರಂಪ್ ಗೆದ್ದೊಡನೆ ಮಾರಾಟ ಕುಸಿಯಿತು. ಸುಮಾರು ಇನ್ನೂರು ವರ್ಷಗಳ ಇತಿಹಾಸವಿದ್ದ ರೆಮಿಂಗ್ಟನ್ ಕಂಪೆನಿ 2018ರಲ್ಲಿ ದಿವಾಳಿತನದಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಕಳ್ಳರು ಆ ವರ್ಷಗಳಲ್ಲಿ ನಿವೃತ್ತರಾಗಿದ್ದರೇ? ಇಲ್ಲ. ಭಯದ ಪೂರೈಕೆಯಲ್ಲಿ ಕೊರತೆಯಾಗಿತ್ತು, ಅಷ್ಟೇ. 2020ರಲ್ಲಿ ಕೊರೋನಾ ಬಂದಾಗ ಆ ಕೊರತೆಯೂ ನೀಗಿತು. 2019ರ ಆರಂಭದಿಂದ 2021ರ ಏಪ್ರಿಲ್ ತನಕ ಸುಮಾರು 75 ಲಕ್ಷ ಅಮೇರಿಕನ್ನರು ಬದುಕಿನಲ್ಲಿ ಮೊದಲ ಬಾರಿಗೆ ಬಂದೂಕಿನ ಒಡೆಯರಾದರು.

ಹಾಗಾದರೆ ಕೊಂಡವರು ಸುರಕ್ಷಿತರಾದರೇ? 2021ರಲ್ಲಿ ಅಮೇರಿಕದಲ್ಲಿ ಗುಂಡಿಗೆ ಬಲಿಯಾದವರು 48,830 ಮಂದಿ. ಇವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಗುಂಡು ಹಾರಿದ್ದು ತನ್ನದೇ ಎದೆಯ ಕಡೆಗೆ, ತನ್ನದೇ ಹಣೆಯ ಕಡೆಗೆ. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಅಧಿಕ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಿಸ್ತೂಲು ಉಳ್ಳ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಸಂಭವ ಪಿಸ್ತೂಲು ಇಲ್ಲದ ಗಂಡಸರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚು, ಹೆಂಗಸರಲ್ಲಿ ಸುಮಾರು ಮೂವತ್ತೈದು ಪಟ್ಟು ಹೆಚ್ಚು ಎಂದು ತೋರಿಸಿಕೊಟ್ಟಿತು. ನಿರಾಶೆಯ ಗಳಿಗೆ ಯಾರ ಬದುಕಿನಲ್ಲಿ ಬರುವುದಿಲ್ಲ? ಒಂದು ರಾತ್ರಿ ಕಳೆದರೆ, ಒಬ್ಬ ತಾಯಿ ಬಾಗಿಲು ಬಡಿದರೆ ಆ ಗಳಿಗೆ ದಾಟಿಹೋಗುತ್ತದೆ. ಆದರೆ ಮೇಜಿನ ಸೆಳೆಯಲ್ಲಿ ಪಿಸ್ತೂಲಿದ್ದರೆ ಅದು ದಾಟಿಹೋಗಲು ಬಿಡುವುದಿಲ್ಲ. ಕಳ್ಳನಿಗಾಗಿ ತಂದಿಟ್ಟ ಆಯುಧ ಮನೆಮಗನನ್ನು ನುಂಗುತ್ತದೆ.

ಸಾವಿರಾರು ಮೈಲಿ ದೂರದ ಈ ರೋಗದ ಗೊಡವೆ ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಪಟ್ಟಣಗಳ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಅಮೇರಿಕದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅಲ್ಲಿನ ಮುಸ್ಲಿಮರ ಮುಂದೆ ಈ ಪ್ರಶ್ನೆ ಬಹಳ ಹತ್ತಿರದಿಂದ ಎದ್ದು ನಿಂತಿದೆ. 2015ರ ಫೆಬ್ರವರಿಯಲ್ಲಿ ಚಾಪೆಲ್ ಹಿಲ್ ಎಂಬ ಊರಿನಲ್ಲಿ ನವವಿವಾಹಿತ ದಂಪತಿಯನ್ನೂ ವಧುವಿನ ತಂಗಿಯನ್ನೂ ಅವರ ನೆರೆಮನೆಯಾತ ಪಿಸ್ತೂಲಿನಿಂದ ಕೊಂದ. ಅವನ ಮನೆಯಲ್ಲಿ ಬಂದೂಕುಗಳ ಸಂಗ್ರಹವೇ ಇತ್ತು. 2019ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಇಂತಹ ಘಟನೆಗಳ ಬಳಿಕ 'ನಾವೂ ಪಿಸ್ತೂಲು ಕೊಳ್ಳೋಣ' ಎಂಬ ಮಾತು ಅಲ್ಲಿನ ಮುಸ್ಲಿಮ್ ಯುವಕರ ನಡುವೆ ಕೇಳಿಬಂದರೆ ಅಚ್ಚರಿಯೇನಿಲ್ಲ. ಅವರ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಲ್ಲಿನ ಕಾನೂನು ಅವರನ್ನು ತಡೆಯುವುದೂ ಇಲ್ಲ. 2008ರಲ್ಲಿ ಅಮೇರಿಕದ ಸುಪ್ರೀಮ್ ಕೋರ್ಟು ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದನ್ನು ವ್ಯಕ್ತಿಯ ಹಕ್ಕೆಂದು ಸಾರಿತು. 2022ರಲ್ಲಿ ಅದನ್ನು ಬೀದಿಗೆ ಒಯ್ಯುವುದನ್ನೂ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಕಾನೂನು ಅನುಮತಿಸಿದ್ದೆಲ್ಲವೂ ಸತ್ಯವಿಶ್ವಾಸಿಗೆ ಶೋಭೆಯೇ? ಮದ್ಯವನ್ನೂ ಜೂಜನ್ನೂ ಬಡ್ಡಿಯನ್ನೂ ಅದೇ ಕಾನೂನು ಅನುಮತಿಸುತ್ತದೆಯಲ್ಲವೇ?

ಇಸ್ಲಾಮ್ ಸ್ವರಕ್ಷಣೆಯನ್ನು ನಿಷೇಧಿಸಿಲ್ಲ. ತನ್ನ ಪ್ರಾಣ, ಸೊತ್ತು, ಕುಟುಂಬಗಳನ್ನು ಕಾಯುತ್ತಾ ಮಡಿದವನನ್ನು ಪ್ರವಾದಿ(ಸ)ರು ಹುತಾತ್ಮನೆಂದಿದ್ದಾರೆ. ಶಕ್ತಿಯನ್ನು ಸಜ್ಜುಗೊಳಿಸಿರಿ ಎಂಬ ಕುರ್‌ಆನಿನ ಆದೇಶವನ್ನು ಮುಂದಿಡುವವರೂ ಇದ್ದಾರೆ. ಆದರೆ ಆ ಆದೇಶ ಒಂದು ಸಂಘಟಿತ ಸಮಾಜಕ್ಕೆ ಅದರ ನಾಯಕತ್ವದ ಅಧೀನದಲ್ಲಿ ಕೊಟ್ಟದ್ದು. ಕಪಾಟು ತುಂಬಿಸಿಕೊಳ್ಳುವ ಒಂಟಿ ಮನುಷ್ಯನಿಗೆ ಬರೆದುಕೊಟ್ಟ ಪರವಾನಗಿಯಲ್ಲ. ಮಸೀದಿಯ ಮೂಲಕವೋ ಸಂತೆಯ ಮೂಲಕವೋ ಬಾಣ ಹಿಡಿದು ಹಾದುಹೋಗುವವನು ಅದರ ಮೊನೆಯನ್ನು ಕೈಯಿಂದ ಮುಚ್ಚಿಕೊಳ್ಳಬೇಕೆಂದು ಪ್ರವಾದಿ(ಸ)ರು ಆಜ್ಞಾಪಿಸಿದರು. ತಮಾಷೆಗಾದರೂ ಸಹೋದರನೆಡೆಗೆ ಆಯುಧ ತೋರಿಸಬಾರದೆಂದರು. ಒರೆಯಿಂದ ಹೊರತೆಗೆದ ಖಡ್ಗವನ್ನು ಕೈಯಿಂದ ಕೈಗೆ ದಾಟಿಸುವುದನ್ನೂ ತಡೆದರು. ಖಡ್ಗ ಪ್ರತಿಯೊಬ್ಬನ ಸೊಂಟದಲ್ಲಿದ್ದ ಅರೇಬಿಯಾದಲ್ಲಿ ಈ ಮಾತುಗಳು ಎಂತಹ ಕ್ರಾಂತಿಯನ್ನುಂಟು ಮಾಡಿರಬೇಕು! ಮಕ್ಕಾ ವಿಜಯದ ದಿನ ಆಯುಧ ಕೆಳಗಿಟ್ಟವನಿಗೆಲ್ಲ ಅಭಯ ನೀಡಿದವರು ಇದೇ ಪ್ರವಾದಿ(ಸ).

ಇನ್ನು ಸಂಗ್ರಹದ ಹಪಾಹಪಿಯ ಕುರಿತು ಕುರ್‌ಆನಿನ 'ಅತ್ತಕಾಸುರ್' ಅಧ್ಯಾಯವೇ ಇದೆ. ಇನ್ನಷ್ಟು, ಮತ್ತಷ್ಟು ಎಂಬ ಪೈಪೋಟಿ ಮನುಷ್ಯನನ್ನು ಗೋರಿಯ ಅಂಚಿನ ತನಕ ಮೈಮರೆಸುತ್ತದೆಂದು ಅದು ಎಚ್ಚರಿಸುತ್ತದೆ. ಬೇರೆ ಸರಕುಗಳ ಸಂಗ್ರಾಹಕ ಗೋರಿಯತ್ತ ನಿಧಾನವಾಗಿ ನಡೆಯುತ್ತಾನೆ. ಪಿಸ್ತೂಲಿನ ಸಂಗ್ರಾಹಕ ದಾರಿಯನ್ನು ಚಿಕ್ಕದಾಗಿಸಿಕೊಳ್ಳುತ್ತಾನೆ.

ಬಂದೂಕಿನ ಪ್ರೀತಿಗೆ ಹೆಸರಾದ ಪಠಾಣರ ನಾಡಿನಲ್ಲೇ ಇದಕ್ಕೆ ಉತ್ತರ ಹುಟ್ಟಿತ್ತು. ಖಾನ್ ಅಬ್ದುಲ್ ಗಫಾರ್ ಖಾನರು 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಸಂಘಟನೆಯನ್ನು ಕಟ್ಟಿ, ಸೇಡು ಮತ್ತು ಆಯುಧಗಳನ್ನು ತ್ಯಜಿಸುವ ಪ್ರತಿಜ್ಞೆಯನ್ನು ಅದೇ ಪಠಾಣರಿಂದ ಮಾಡಿಸಿದರು. ಅವರಿಗೆ ಪ್ರೇರಣೆಯಾಗಿದ್ದು ಪ್ರವಾದಿ(ಸ)ರ ಸಹನೆ. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಬ್ರಿಟಿಷರು ಗುಂಡಿನ ಮಳೆಗರೆದರು. ಆಗ ಚಂದ್ರಸಿಂಗ್ ಗಢವಾಲಿಯ ನೇತೃತ್ವದಲ್ಲಿ ಗಢವಾಲಿ ಸೈನಿಕರು ಗುಂಡು ಹಾರಿಸಲು ನಿರಾಕರಿಸಿ ಸೆರೆಮನೆ ಸೇರಿದರು. ಹಿಂದೂ ಸೈನಿಕನ ಬಂದೂಕನ್ನು ಕೆಳಗಿಳಿಸಿದ್ದು ಮುಸ್ಲಿಮನ ಬರಿಗೈ. ಆ ಜನರ ಕೈಯಲ್ಲಿ ಒಂದೊಂದು ಪಿಸ್ತೂಲಿದ್ದಿದ್ದರೆ ಹೀಗಾಗುತ್ತಿತ್ತೇ?

ನಮ್ಮ ದೇಶ ಅಮೇರಿಕವಲ್ಲ, ನಿಜ. ಪಿಸ್ತೂಲು ಇಟ್ಟುಕೊಳ್ಳುವುದು ಇಲ್ಲಿ ಮೂಲಭೂತ ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. 2019ರ ತಿದ್ದುಪಡಿ ಒಬ್ಬನಲ್ಲಿರಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೂ 2015ರಲ್ಲಿ ಧಾರವಾಡದಲ್ಲಿ ಎಂ. ಎಂ. ಕಲ್ಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆ ಬಾಗಿಲಲ್ಲೇ ಕೆಡವಿದ್ದು ಪಿಸ್ತೂಲೇ. ಭಯದ ವ್ಯಾಪಾರಿಗಳೂ ಇಲ್ಲಿ ಕಡಿಮೆಯಿಲ್ಲ. 2022ರ ಡಿಸೆಂಬರ್‌ನಲ್ಲಿ ಶಿವಮೊಗ್ಗದ ವೇದಿಕೆಯಿಂದ ಆಗಿನ ಸಂಸದೆ ಪ್ರಜ್ಞಾ ಸಿಂಗ್ ಠಾಕೂರ್ ಮನೆಯ ಚಾಕುಗಳನ್ನು ಹರಿತಗೊಳಿಸಿಡಿ ಎಂದು ಕರೆಕೊಟ್ಟರು. ಪೊಲೀಸರು ಪ್ರಕರಣ ದಾಖಲಿಸಿದರು. ಇಂತಹ ಕರೆಗೆ ಪ್ರತಿಯಾಗಿ ನಾವೂ ಏನನ್ನಾದರೂ ಹರಿತಗೊಳಿಸೋಣ ಎಂದು ನಮ್ಮ ಯುವಕನೊಬ್ಬ ಯೋಚಿಸಿದರೆ ಅವನು ಆ ವೇದಿಕೆಯ ವಿರೋಧಿಯಲ್ಲ, ಅದರ ಗಿರಾಕಿ. ಕಾನೂನಿನ ಬಾಗಿಲು ತಟ್ಟುವುದು, ದೂರು ದಾಖಲಿಸುವುದು, ನ್ಯಾಯ ಸಿಗುವ ತನಕ ಪಟ್ಟು ಬಿಡದಿರುವುದು, ಜೊತೆಗೆ ನೆರೆಮನೆಯವನ ಜೊತೆ ಹಬ್ಬದ ಊಟ ಹಂಚಿಕೊಳ್ಳುವುದನ್ನು ನಿಲ್ಲಿಸದಿರುವುದು ಇವು ಹೇಡಿತನವಲ್ಲ. ಪಿಸ್ತೂಲು ಕೊಳ್ಳಲು ಹಣ ಸಾಕು. ಇವಕ್ಕೆ ಎದೆಗಾರಿಕೆ ಬೇಕು.

ತಂದೆ ತಾಯಂದಿರೇ, ಸಂಸ್ಕಾರ ಆರಂಭವಾಗುವುದು ನಿಮ್ಮ ಅಂಗಳದಲ್ಲಿ. ಈದ್‌ನ ದಿನ ದೊಡ್ಡವರು ಕೊಟ್ಟ ನೋಟು ಹಿಡಿದು ಓಡುವ ಮಗು ಆಟಿಕೆ ಪಿಸ್ತೂಲು ತಂದು ತಂಗಿಯ ಹಣೆಗೆ ಗುರಿಯಿಟ್ಟಾಗ ನಗಬೇಡಿ, ಕೈ ಹಿಡಿದು ಕೆಳಗಿಳಿಸಿರಿ. ವಿದೇಶದಲ್ಲಿರುವ ಮಗ 'ಒಂದು ಪಿಸ್ತೂಲು ಕೊಳ್ಳಲೇ?' ಎಂದು ಕೇಳಿದರೆ ಅವನ ಭಯವನ್ನು ಪೂರ್ತಿ ಕೇಳಿಸಿಕೊಳ್ಳಿರಿ. ಬಳಿಕ ಅವನ ಮನೆಯ ಎರಡೂ ಮಗ್ಗುಲಲ್ಲಿ ವಾಸಿಸುವವರ ಹೆಸರು ಕೇಳಿರಿ. ಅವನಿಗೆ ಹೆಸರು ತಿಳಿಯದಿದ್ದರೆ ಅವನು ಕೊಳ್ಳಬೇಕಾದದ್ದು ಪಿಸ್ತೂಲಲ್ಲ, ಒಂದು ಡಬ್ಬಿ ಖರ್ಜೂರ. ಅದನ್ನು ಹಿಡಿದು ಆ ಬಾಗಿಲುಗಳನ್ನು ತಟ್ಟಲು ಹೇಳಿರಿ. ಅಲ್ಲಾಹನನ್ನು ಮಾತ್ರ ಭಯಪಡುವವನಿಗೆ ಪೇಟೆಯ ಭಯವನ್ನು ಮಾರಲು ಯಾವ ವ್ಯಾಪಾರಿಗೂ ಸಾಧ್ಯವಿಲ್ಲ.