ಟಾಡಾ ಬಾಕಿ ಯಾರು ತೀರಿಸ್ತಾರೆ?

ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಐವತ್ತು ದಾಟಿದ ಯಾರ ಪಕ್ಕದಲ್ಲಾದರೂ ಕೂತು "ಟಾಡಾ ಅಂದ್ರೇನು ಸ್ವಾಮಿ?" ಅಂತ ಕೇಳಿ ನೋಡಿ. ಅದು ದಿಲ್ಲಿಯ ಪಾರ್ಲಿಮೆಂಟು 1985ರಲ್ಲಿ ಪಂಜಾಬಿನ ಗಲಭೆಗೆಂದು ಮಾಡಿದ ಕಾನೂನು ಎಂದು ಬಹುಶಃ ಹೇಳಲಾರರು. ಆದರೆ ಜೀಪು ಬಂದ ರಾತ್ರಿ, ಗಂಡಸರಿಲ್ಲದ ಮನೆ, ಮೈಸೂರು ಜೈಲಿನ ಬಾಗಿಲು, ಇವನ್ನೆಲ್ಲ ಬಿಡಿಸಿ ಹೇಳಬಲ್ಲರು. ಆ ಕಾನೂನು 1995ರ ಮೇ ತಿಂಗಳಲ್ಲಿ ಸತ್ತುಹೋಯಿತು. ಅದರ ಬಾಕಿ ಮಾತ್ರ ಇನ್ನೂ ತೀರಿಲ್ಲ. ಇವತ್ತು ಆ ಬಾಕಿ ಲೆಕ್ಕ ತೆಗೆಯೋಣ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ವೀರಪ್ಪನ್ ಮಾಡಿದ್ದು ರಾಕ್ಷಸ ಕೃತ್ಯ. 1991ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ನಂಬಿಸಿ ಕರೆಸಿ ಕೊಂದ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದ. ಅದೇ ಆಗಸ್ಟ್ 14ರಂದು ಮೀಣ್ಯದ ಬಳಿ ಮೈಸೂರು ಎಸ್.ಪಿ. ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜೀವ ಹೋಯಿತು. ಇಂಥವನನ್ನು ಹಿಡಿಯಲು ಸರ್ಕಾರ ಖರ್ಚು ಮಾಡಿದ್ದು ತಪ್ಪು ಅಂತ ಯಾರೂ ಅನ್ನಲಾರರು. ನಮ್ಮ ಪ್ರಶ್ನೆ ಬೇರೆ. ಹಿಡಿಯುವ ಖರ್ಚು ಬೊಕ್ಕಸದ್ದು ಸರಿ. ತಪ್ಪಿ ಹಿಡಿದರೆ ಅದರ ಖರ್ಚು ಯಾರದ್ದು?

ಜೈಲಿನಲ್ಲಿ ಉಳಿದವರು

ಕಾಡುಗಳ್ಳ ಕಾಡಿನಲ್ಲೇ ಉಳಿದ. ಕಾಡಂಚಿನ ಹಳ್ಳಿಯ ನೂರಕ್ಕೂ ಹೆಚ್ಚು ಮಂದಿಯ ಮೇಲೆ ಟಾಡಾ ಕೇಸು ಬಿತ್ತು. ಅಕ್ಕಿ ಕೊಟ್ಟ, ಬೀಡಿ ಕೊಟ್ಟ, ದಾರಿ ತೋರಿಸಿದ, ಹೀಗೆ. ಕೋವಿ ಹಿಡಿದು ಬಂದವನು ಅಕ್ಕಿ ಕೇಳಿದರೆ ಬಡವ ಏನು ಮಾಡಬೇಕಿತ್ತು ಎಂಬುದಕ್ಕೆ ಆ ಕಾನೂನಿನಲ್ಲಿ ಉತ್ತರ ಇರಲಿಲ್ಲ.

ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಟಾಡಾದಲ್ಲಿ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷಿ. ಜಾಮೀನು ಬೇಕೆಂದರೆ ಆಪಾದಿತ ತಪ್ಪಿತಸ್ಥನಲ್ಲ ಎಂದು ಜಡ್ಜಿಗೆ ಮೊದಲೇ ನಂಬಿಕೆ ಬರಬೇಕು. ವಿಚಾರಣೆಯೇ ಆಗದೆ ನಂಬಿಕೆ ಹೇಗೆ ಬಂದೀತು? ಕಾನೂನು ಸತ್ತ ಮೇಲೂ ಅದರ ಕೇಸುಗಳು ಬದುಕಿದ್ದವು. 2000ದಲ್ಲೂ 51 ಮಂದಿ ಮೈಸೂರು ಜೈಲಿನಲ್ಲೇ ಇದ್ದರು.

ಆಗ ನಡೆದದ್ದನ್ನು ಕನ್ನಡಿಗರು ಯಾರೂ ಮರೆತಿಲ್ಲ. ಆ ವರ್ಷ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. ಟಾಡಾ ಕೈದಿಗಳನ್ನು ಬಿಡಿ ಅಂತ ವೀರಪ್ಪನ್ ಕೇಳಿದ. ಇವರು ಭಾರಿ ಅಪಾಯಕಾರಿಗಳು, ಹೊರಗೆ ಬಿಟ್ಟರೆ ಕೇಡು ಎಂದು ವರ್ಷಗಟ್ಟಲೆ ಹೇಳಿದ್ದ ಅದೇ ಸರ್ಕಾರ, ಟಾಡಾ ಆರೋಪ ವಾಪಸ್ ತಗೋತೀವಿ ಅಂತ ಕೋರ್ಟಿಗೆ ಅರ್ಜಿ ಹಾಕಿತು. ಅಣ್ಣಾವ್ರನ್ನು ಉಳಿಸಿಕೊಳ್ಳಬೇಕೆಂಬ ಸಂಕಟ ನಮಗೂ ಇತ್ತು, ಸರ್ಕಾರಕ್ಕೂ ಇತ್ತು. ಆದರೂ ಕೇಳಲೇಬೇಕಾಗುತ್ತದೆ. ಇವರು ನಿಜಕ್ಕೂ ಅಪಾಯಕಾರಿಗಳಾಗಿದ್ದರೆ ಬಿಡಲು ಹೊರಟದ್ದು ಹೇಗೆ? ಅಲ್ಲದಿದ್ದರೆ ಅಲ್ಲಿಯತನಕ ಕೂಡಿಹಾಕಿದ್ದು ಯಾಕೆ?

ಇದನ್ನು ತಡೆಯಲು ಸುಪ್ರೀಂ ಕೋರ್ಟಿಗೆ ಹೋದವರು ಹುತಾತ್ಮ ಶಕೀಲ್ ಅಹಮದ್ ಅವರ ತಂದೆ. 2000ರ ನವೆಂಬರ್ 7ರಂದು ಅವರಿಗೇ ಜಯ ಸಿಕ್ಕಿತು. ಸಿಗಬೇಕಾದದ್ದೇ. ಮಗನನ್ನು ಕಳೆದುಕೊಂಡ ತಂದೆಗೆ ವಿಚಾರಣೆ ಬೇಕಿತ್ತು. ಜೈಲಿನಲ್ಲಿದ್ದ ಬಡವನಿಗೂ ಬೇಕಿದ್ದದ್ದು ಅದೇ ವಿಚಾರಣೆ. ಇಬ್ಬರಿಗೂ ಅದನ್ನು ಹೊತ್ತಿಗೆ ಸರಿಯಾಗಿ ಕೊಡದೇ ಇದ್ದದ್ದು ಸರ್ಕಾರ.

ಕೊನೆಗೆ 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಿತು. ಕೆಲವರಿಗೆ ಶಿಕ್ಷೆಯಾಯಿತು. ಖುಲಾಸೆಯಾದವರು 109 ಮಂದಿ! ಹೋಗಿ ಬನ್ನಿ ಅಂದರು, ಹೋದರು. ಉಳುಮೆ ನಿಂತ ಹೊಲ, ಮಾರಿದ ದನ, ಅಪ್ಪನ ಮುಖವೇ ಕಾಣದೆ ಬೆಳೆದ ಮಕ್ಕಳು, ಇದು ಯಾವ ತೀರ್ಪಿನಲ್ಲೂ ಬರೆಯುವ ಬಾಬ್ತಲ್ಲ.

ಬಹುಮಾನಕ್ಕೆ ಅವಸರ, ಪರಿಹಾರಕ್ಕೆ ನಿಧಾನ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರ ತನ್ನ ಎಸ್.ಟಿ.ಎಫ್. ಸಿಬ್ಬಂದಿಗೆ ತಲಾ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿತು. ಕಾಡಿನಲ್ಲಿ ವರ್ಷಗಟ್ಟಲೆ ಒದ್ದಾಡಿದವರಿಗೆ ಸಿಗಲಿ, ನಮ್ಮ ತಕರಾರಿಲ್ಲ.

ಇನ್ನೊಂದು ಖಾತೆ ನೋಡಿ. ಎರಡೂ ರಾಜ್ಯದ ಕಾರ್ಯಪಡೆಯವರು ಹಳ್ಳಿಗರಿಗೆ ಚಿತ್ರಹಿಂಸೆ ಕೊಟ್ಟರೆಂಬ ದೂರಿನ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ನೇಮಿಸಿತು. ವರದಿ ಬಂದದ್ದು 2003ರ ಕೊನೆಗೆ. 89 ಸಂತ್ರಸ್ತರಿಗೆ 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದು 2007ರಲ್ಲಿ. ತಲೆ ಲೆಕ್ಕ ಹಾಕಿದರೆ ಇದೂ ಮೂರು ಲಕ್ಷದ ಆಸುಪಾಸೇ. ಅಲ್ಲಿ ದಿನಗಳು, ಇಲ್ಲಿ ಎಂಟು ವರ್ಷ!

ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಾವು ದೇಶದ ಖರ್ಚಿನ ಬಗ್ಗೆ ಬೇಕಾದಷ್ಟು ಮಾತಾಡ್ತೀವಿ. 2024-25ರ ಬಜೆಟ್ಟಿನಲ್ಲಿ ಭೂತಾನಿಗೆ 2,068 ಕೋಟಿ ನೆರವು ಇಟ್ಟರಂತೆ, ನಮ್ಮ ರಸ್ತೆಗೆ ಕಾಸಿಲ್ಲವಂತೆ ಅಂತೀವಿ. ಭೂತಾನಿನ ನೆರವಿಗೆ ಕಾರಣ ಇದೆ, ಅಲ್ಲಿಂದ ನಮಗೆ ಕರೆಂಟೂ ಬರುತ್ತೆ, ಅದು ಹೋಗಲಿ. ಆ ಖರ್ಚು ಕೊನೇಪಕ್ಷ ಬಜೆಟ್ ಪುಸ್ತಕದಲ್ಲಿದೆ, ಬೇಕಾದವರು ಬೈಯಬಹುದು. ತಪ್ಪಿಲ್ಲದೆ ಜೈಲಿನಲ್ಲಿ ಕೊಳೆತವನ ವರ್ಷಗಳ ಖರ್ಚು ಯಾವ ಬಜೆಟ್ ಪುಸ್ತಕದಲ್ಲಿದೆ? ಅದನ್ನು ಅವನ ಹೆಂಡತಿ ಕೂಲಿ ಮಾಡಿ ತೀರಿಸುತ್ತಾಳೆ. ಸರ್ಕಾರಕ್ಕೆ ಪುಕ್ಕಟೆ. ಪುಕ್ಕಟೆ ಸಿಕ್ಕ ಮಾಲನ್ನು ಯಾರು ತಾನೇ ಹಿಡಿತದಲ್ಲಿ ಬಳಸ್ತಾರೆ?

ಹಳೇ ಕಥೆ ಅಂತೀರಾ?

ಟಾಡಾ ಹೋಯಿತು, 2002ರಲ್ಲಿ ಪೋಟಾ ಬಂತು. 2004ರಲ್ಲಿ ಅದೂ ಹೋಯಿತು, ಅದರ ಬಹುಪಾಲು ಕಲಮುಗಳು 1967ರ ಹಳೇ ಯುಎಪಿಎ ಕಾಯ್ದೆಯೊಳಗೆ ಸೇರಿಕೊಂಡವು. ಪೊಲೀಸರೆದುರಿನ ತಪ್ಪೊಪ್ಪಿಗೆ ಬಿಟ್ಟರು, ಸಂತೋಷ. ಆದರೆ ಮುಂಬೈ ದಾಳಿಯ ನಂತರ 2008ರಲ್ಲಿ ಜಾಮೀನಿನ ಬಾಗಿಲು ಮತ್ತೆ ಬಿಗಿಯಾಯಿತು. ಪೊಲೀಸರ ಕಾಗದ ಮೇಲುನೋಟಕ್ಕೆ ನಿಜ ಅಂತ ಕಂಡರೆ ಜಾಮೀನಿಲ್ಲ. ಚಾರ್ಜ್‌ಶೀಟಿಗೆ 180 ದಿನ ಗಡುವು. 2024ರ ಜುಲೈ 1ರಿಂದ ಭಯೋತ್ಪಾದನೆ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮಿಗೂ ಬಂದಿದೆ. ಅದರಡಿ ಕೇಸು ಹಾಕಬೇಕೋ, ಯುಎಪಿಎ ಅಡಿ ಹಾಕಬೇಕೋ ಎಂದು ತೀರ್ಮಾನಿಸುವವರು ಎಸ್.ಪಿ. ದರ್ಜೆಯ ಅಧಿಕಾರಿ. ಅಂದರೆ ದಿಲ್ಲಿಯ ವಿಷಯವಲ್ಲ, ನಮ್ಮ ಜಿಲ್ಲಾ ಕೇಂದ್ರದ ವಿಷಯ.

ಕೇಂದ್ರ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಕೊಟ್ಟ ಲೆಕ್ಕ: 2016ರಿಂದ 2019ರವರೆಗೆ ಯುಎಪಿಎ ಅಡಿ ದಸ್ತಗಿರಿ 5,922, ಶಿಕ್ಷೆ 132. ಮಿಕ್ಕವರೆಲ್ಲ ನಿರಪರಾಧಿಗಳು ಅಂತ ಇದರ ಅರ್ಥವಲ್ಲ. ಇಂಥ ಕೇಸುಗಳ ವಿಚಾರಣೆ ಬೇಗ ಮುಗಿಯುವುದೇ ಇಲ್ಲ. ಕಾಯಿಲೆ ಇರುವುದೇ ಅಲ್ಲಿ. ಹುಬ್ಬಳ್ಳಿ ಕೇಸಿನಲ್ಲಿ 2008ರಲ್ಲಿ ಹಿಡಿದ 17 ಮಂದಿ 2015ರಲ್ಲಿ ಖುಲಾಸೆಯಾದರು. ಬೆಳ್ತಂಗಡಿ ಕಡೆಯ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು, ಅವನ ತಂದೆಯನ್ನು 2012ರಲ್ಲಿ ನಕ್ಸಲರ ಸಂಪರ್ಕವೆಂದು ಹಿಡಿದರು. ಹಾಸ್ಟೆಲ್ ರೂಮಿನಲ್ಲಿ ಸಿಕ್ಕ ಮಾಲು ಏನು ಗೊತ್ತೇ? ಭಗತ್ ಸಿಂಗ್ ಪುಸ್ತಕ, ಪೇಪರ್ ಕಟಿಂಗು! ಇಬ್ಬರೂ ಖುಲಾಸೆಯಾದದ್ದು 2021ರಲ್ಲಿ.

"ಕಠಿಣ ಕಾನೂನು ಇಲ್ಲದಿದ್ದರೆ ಪೇಟೆಯಲ್ಲಿ ಬಾಂಬು ಬೀಳುತ್ತೆ, ಅಂಗಡಿ ತೆಗೆಯೋಕಾಗಲ್ಲ" ಅನ್ನುವ ವರ್ತಕರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಒಂದು ವಿಷಯ ನೆನಪಿಡಿ. ಹಳ್ಳಿಗರ ಮೇಲೆ ಟಾಡಾ ಕೇಸು ಹಾಕಿದ ಆ ವರ್ಷಗಳಲ್ಲಿ ವೀರಪ್ಪನ್ ಸಿಗಲಿಲ್ಲ. ಅವನು ಸತ್ತ ದಿನ ಟಾಡಾ ಇರಲಿಲ್ಲ, ಪೋಟಾ ಕೂಡ ರದ್ದಾಗಿ ಒಂದು ತಿಂಗಳಾಗುತ್ತ ಬಂದಿತ್ತು. ಅವನನ್ನು ಕಾಡಿನಿಂದ ಹೊರಗೆಳೆದದ್ದು ತಾಳ್ಮೆಯ ಗುಪ್ತಚಾರಿಕೆ, ಹಳ್ಳಿಗರ ಸಾಮೂಹಿಕ ದಸ್ತಗಿರಿಯಲ್ಲ.

ಹಾಗಾದರೆ ಏನಾಗಬೇಕು? ದೊಡ್ಡ ಬೇಡಿಕೆ ಏನಿಲ್ಲ, ಮೂರೇ.

ಒಂದು, ತಪ್ಪು ಕೇಸಿನಲ್ಲಿ ಜೈಲು ಕಂಡವರಿಗೆ ಪರಿಹಾರ ಕೊಡುವ ಕಾನೂನು ಮಾಡಿ ಎಂದು ಲಾ ಕಮಿಷನ್ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿದೆ. ಆ ವರದಿಯ ಧೂಳು ಕೊಡವಿ. ಅಕ್ಷರಧಾಮ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ಖುಲಾಸೆಯಾದವರು ಪರಿಹಾರ ಕೇಳಿ ಅಲ್ಲಿಗೇ ಹೋದರೆ 2016ರಲ್ಲಿ ಬರಿಗೈಲಿ ವಾಪಸಾದರು. ಕಾನೂನು ಇಲ್ಲದಿದ್ದರೆ ಹೀಗೇ ಆಗುವುದು.

ಎರಡು, ಹತ್ತು ಲಕ್ಷ ಜನಕ್ಕೆ 50 ಜಡ್ಜಿಗಳು ಬೇಕೆಂದು 1987ರಲ್ಲೇ ಅದೇ ಕಮಿಷನ್ ಹೇಳಿತ್ತು. ಇವತ್ತಿಗೂ ಅದರ ಅರ್ಧ ಮುಟ್ಟಿಲ್ಲ. ಜೀಪಿಗೆ, ಕ್ಯಾಮೆರಾಗೆ ಹಣ ಹುಟ್ಟುತ್ತದೆ, ಜಡ್ಜಿಗೆ ಹುಟ್ಟುವುದಿಲ್ಲ ಎಂದರೆ ಏನರ್ಥ?

ಮೂರು, ಇಂಥ ಕಾನೂನಿನಡಿ ಎಷ್ಟು ಮಂದಿಯನ್ನು ಹಿಡಿದೆವು, ಎಷ್ಟು ವರ್ಷ ಇಟ್ಟೆವು, ಎಷ್ಟು ಮಂದಿ ಖುಲಾಸೆಯಾದರು ಎಂದು ಪ್ರತಿ ಬಜೆಟ್ ಅಧಿವೇಶನದಲ್ಲಿ ರಾಜ್ಯ ಸರ್ಕಾರ ಸದನಕ್ಕೆ ಲೆಕ್ಕ ಕೊಡಲಿ. ನಮ್ಮ ಶಾಸಕರು ಬಸ್‌ಸ್ಟ್ಯಾಂಡಿನ ಶೆಡ್ಡಿನ ಬಗ್ಗೆ ಕೇಳುವಂತೆ ಇದನ್ನೂ ಎದ್ದು ನಿಂತು ಕೇಳಲಿ.

ಅಂಗಡಿಯವನು ಗಿರಾಕಿಯಿಂದ ತಪ್ಪಿ ಹತ್ತು ರೂಪಾಯಿ ಹೆಚ್ಚು ತಗೊಂಡರೆ ಕರೆದು ವಾಪಸ್ ಕೊಡುತ್ತಾನೆ. ಒಬ್ಬ ಮನುಷ್ಯನಿಂದ ಎಂಟು ವರ್ಷ ತಗೊಂಡ ಸರ್ಕಾರ "ಹೋಗಿ ಬಾ" ಅಂದರೆ ಸಾಕೇ?