ಸಿಲಿಕೋನ್ ಹಚ್ಚೋರಿಗೆ ಒಂದು ಮಾತು

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ‘ಜುಗಾಡ್’ ಅನ್ನೋ ಪದವನ್ನು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೀಗ ಮೈ ಉರಿಯುತ್ತದೆ. ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ನಾನೂ ಮೀಟಿಂಗುಗಳಲ್ಲಿ ‘ನಾವು ಇಂಡಿಯನ್ಸ್, ಹೇಗಾದ್ರೂ ಮ್ಯಾನೇಜ್ ಮಾಡ್ತೀವಿ’ ಅಂತ ಹೇಳಿ ನಗಿಸಿ, ಎರಡು ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಿದ್ದವನೇ. ನನ್ನ ಬುದ್ಧಿ ತಿರುಗಿಸಿದ್ದು ಒಂದು ಹಳೇ ಹಾಯಿದೋಣಿ ಮತ್ತು ಅದರ ಮೈತುಂಬ ಮೆತ್ತಿದ್ದ ಸಿಲಿಕೋನ್.

ದೋಣಿ 1974ರದ್ದು, 27 ಅಡಿ ಉದ್ದ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಂದು ಮರೀನಾದಲ್ಲಿ ಬಿಸಿಲು ಕಾಯುತ್ತ ನಿಂತಿತ್ತು. ನಾನೂ ಹುಬ್ಬಳ್ಳಿಯ ನನ್ನ ಗೆಳೆಯನೂ ಅರ್ಧರ್ಧ ದುಡ್ಡು ಹಾಕಿ ಕೊಂಡೆವು. ಹಾಯಿದೋಣಿ ಅಂದ ಕೂಡಲೇ ‘ಏನಪ್ಪ, ಶ್ರೀಮಂತ ಆಗ್ಬಿಟ್ಟೆ’ ಅಂತ ಊರಿನಿಂದ ಮೆಸೇಜ್ ಬಂತು. ಇಲ್ಲಿ ಓಡುವ ಸ್ಥಿತಿಯ ಹಳೇ ಕಾರಿಗಿಂತ ಹಳೇ ದೋಣಿ ಅಗ್ಗ. ಕಾರಣ ಸರಳ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಫೈಬರ್‌ಗ್ಲಾಸ್ ದೋಣಿಗಳು ಕಾರ್ಖಾನೆಯಿಂದ ಸಾಲುಸಾಲಾಗಿ ಬರತೊಡಗಿದವು. ಕಾರ್ಲ್ ಆಲ್‌ಬರ್ಗ್ ವಿನ್ಯಾಸದ ಪಿಯರ್‌ಸನ್ ಟ್ರೈಟನ್ 1959ರಲ್ಲಿ ಬಂದಾಗ ಮಧ್ಯಮವರ್ಗದವರೂ ದೋಣಿ ಕೊಳ್ಳಬಹುದು ಅನ್ನುವಂತಾಯಿತು. ಫೈಬರ್‌ಗ್ಲಾಸ್ ಮರದಂತೆ ಕೊಳೆಯುವುದಿಲ್ಲ. ಹಾಗಾಗಿ ಆ ಕಾಲದ ಸಾವಿರಾರು ದೋಣಿಗಳು ಇನ್ನೂ ತೇಲುತ್ತಿವೆ. ಕೊಳ್ಳೋರು ಕಡಿಮೆ, ದೋಣಿಗಳು ಜಾಸ್ತಿ.

‘ಕೊಳೆಯುವುದಿಲ್ಲ’ ಅನ್ನೋ ಈ ಮಾತನ್ನೇ ಹಳೇ ಮಾಲೀಕರೆಲ್ಲ ನಂಬಿದ್ದರು. ಮೋಸ ಆಗಿದ್ದು ಅಲ್ಲೇ.

ಡೆಕ್ಕು, ಅಂದರೆ ನಾವು ಓಡಾಡುವ ಮೇಲ್ಭಾಗ, ಪೂರ್ತಿ ಫೈಬರ್‌ಗ್ಲಾಸ್ ಅಲ್ಲ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರದ ತುಂಡುಗಳು. ಒಂಥರಾ ಸ್ಯಾಂಡ್‌ವಿಚ್. ಹಗುರ, ಗಟ್ಟಿ, ಒಳ್ಳೆಯ ಉಪಾಯವೇ. ಆದರೆ ಕಂಬಿ, ಕೊಂಡಿ, ಹಗ್ಗ ಕಟ್ಟುವ ಗೂಟ ಅಂತ ಒಂದೊಂದಕ್ಕೂ ಡೆಕ್ಕಿನಲ್ಲಿ ತೂತು ಕೊರೆದು ಬೋಲ್ಟ್ ಹಾಕಿರುತ್ತಾರೆ. ಬೋಲ್ಟಿನ ಸುತ್ತ ಹಾಕಿದ ಮೇಣದಂಥ ಅಂಟು ಹತ್ತಿಪ್ಪತ್ತು ವರ್ಷದಲ್ಲಿ ಒಣಗುತ್ತದೆ. ಆಗ ಒಂದು ಹನಿ ನೀರು ಒಳಗೆ ಇಳಿಯುತ್ತದೆ. ಒಂದೇ ಹನಿ.

ಈಗ ನೀವು ಮಾಲೀಕರು ಅಂತಿಟ್ಕೊಳ್ಳಿ. ಒಳಗೆ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಸರಿಯಾದ ಕೆಲಸ ಯಾವುದು? ಬೋಲ್ಟ್ ಬಿಚ್ಚಬೇಕು, ಹಳೇ ಅಂಟು ಕೆರೆಯಬೇಕು, ತೂತಿನ ಸುತ್ತಲಿನ ಮರ ಒಣಗಿದೆಯಾ ನೋಡಬೇಕು, ತೂತನ್ನು ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಬೇಕು. ಆಗ ಅಂಟು ಮತ್ತೆ ಒಣಗಿದರೂ ನೀರು ಮರಕ್ಕೆ ತಾಗುವುದಿಲ್ಲ. ಒಂದೊಂದು ಕೊಂಡಿಗೂ ಹೆಚ್ಚುಕಡಿಮೆ ಒಂದು ಶನಿವಾರ ಬೇಕು.

ಇನ್ನೊಂದು ದಾರಿ ಇದೆ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಟ್ಯೂಬ್ ತಂದು ಮೇಲಿಂದ ಬಳಿಯುವುದು. ಐದು ನಿಮಿಷದ ಕೆಲಸ. ತೊಟ್ಟಿಕ್ಕೋದು ನಿಲ್ಲುತ್ತದೆ. ನಮ್ಮ ದೋಣಿಗೆ ಹಿಂದೆ ನಾಲ್ವರು ಮಾಲೀಕರಿದ್ದರಂತೆ. ಬಳಿದ ಪದರಗಳನ್ನು ನೋಡಿದರೆ ನಾಲ್ವರೂ ಇದೇ ಐದು ನಿಮಿಷದ ಕೆಲಸ ಮಾಡಿದಂತಿತ್ತು. ನನ್ನ ಗೆಳೆಯ ಐದನೆಯವನಾಗಲು ತಯಾರಾಗೇ ಬಂದಿದ್ದ. ‘ಏನ್ ಆಗಂಗಿಲ್ಲ ಬಿಡಲೇ, ಮ್ಯಾಲ ಇನ್ನೊಂದ್ಸಲ ಹಚ್ಚಿದ್ರ ಮುಗೀತು’ ಅಂದ. ನಾನೂ ತಲೆಯಾಡಿಸಿದೆ. ಸುಳ್ಳು ಯಾಕೆ, ಇಬ್ಬರೂ ಸೇರೇ ಹಚ್ಚಿದೆವು.

ನಿಜ ಗೊತ್ತಾಗಿದ್ದು ಪಕ್ಕದ ದೋಣಿಯ ಮುದುಕ ಪ್ಲಾಸ್ಟಿಕ್ ಸುತ್ತಿಗೆ ಕೈಗೆ ಕೊಟ್ಟು, ಡೆಕ್ಕನ್ನು ಬಡಿದು ನೋಡಿ ಅಂದಾಗ. ಹಲಸಿನಹಣ್ಣನ್ನು ತಟ್ಟಿ ನೋಡ್ತೀವಲ್ಲ, ಹಾಗೆ. ಗಟ್ಟಿ ಇದ್ದ ಕಡೆ ‘ಟಕ್ ಟಕ್’. ಮುಂಭಾಗಕ್ಕೆ ಬಂದ ಹಾಗೆ ‘ದಬ್ ದಬ್’. ಮೇಲಿನ ಪದರ ಕತ್ತರಿಸಿ ತೆಗೆದರೆ ಒಳಗಿನ ಬಾಲ್ಸಾ, ದನಕ್ಕೆ ನೆನೆಸಿಟ್ಟ ಹಿಂಡಿಯ ಹಾಗೆ ಕಪ್ಪಗೆ, ಮೆತ್ತಗೆ, ವಾಸನೆ ಬೇರೆ. ಕೈಯಲ್ಲಿ ಬಾಚಿ ಬಕೆಟ್ಟಿಗೆ ತುಂಬಿದೆವು. ನೀರು ಎಲ್ಲಿಂದಲೋ ಒಳಗೆ ಹೋಗಿತ್ತು. ಹೊರಗೆ ಬರುವ ದಾರಿಗಳನ್ನು ಮಾತ್ರ ಸಿಲಿಕೋನ್ ಅಚ್ಚುಕಟ್ಟಾಗಿ ಮುಚ್ಚಿತ್ತು. ತೊಟ್ಟಿಕ್ಕೋದು ನಿಂತಿದ್ದಕ್ಕೆ ಅರ್ಥ ಸೋರಿಕೆ ನಿಂತಿದೆ ಅಂತಲ್ಲ, ನಮಗೆ ಕಾಣೋದು ನಿಂತಿದೆ ಅಂತ. ಅದೂ ಸಾಲದು ಅಂತ, ಒಮ್ಮೆ ಸಿಲಿಕೋನ್ ತಾಗಿದ ಜಾಗಕ್ಕೆ ಎಪಾಕ್ಸಿಯಾಗಲಿ ಬಣ್ಣವಾಗಲಿ ಸರಿಯಾಗಿ ಹಿಡಿಯೋದಿಲ್ಲ. ಅಂದರೆ ನಮ್ಮ ಐದು ನಿಮಿಷದ ಕೆಲಸ ಮುಂದೆ ಸರಿಯಾಗಿ ಮಾಡೋನಿಗೂ ಅಡ್ಡಗಾಲು.

ಕೊಳೆತ ಮರವಾದರೂ ಪರವಾಗಿಲ್ಲ, ಮರ ತಾನೇ ಅನ್ನಬಹುದು. ಚೈನ್‌ಪ್ಲೇಟ್ ಕಥೆ ಕೇಳಿ.

ಹಾಯಿಕಂಬ ತನ್ನಷ್ಟಕ್ಕೆ ತಾನು ನಿಂತಿರೋದಿಲ್ಲ. ಎರಡೂ ಬದಿಗೆ, ಹಿಂದೆ, ಮುಂದೆ ಉಕ್ಕಿನ ತಂತಿಗಳು ಅದನ್ನು ಬಿಗಿದು ಹಿಡಿದಿರುತ್ತವೆ. ಪಕ್ಕದ ತಂತಿಯ ಕೆಳತುದಿ ಸಿಕ್ಕಿಕೊಳ್ಳುವ ಪಟ್ಟಿಯೇ ಚೈನ್‌ಪ್ಲೇಟ್. ನಮ್ಮದರಲ್ಲಿ ಅದು ಡೆಕ್ಕನ್ನು ತೂರಿಕೊಂಡು ಒಳಗಿನ ಪ್ಲೈವುಡ್ ಅಡ್ಡಗೋಡೆಗೆ ಬೋಲ್ಟ್ ಆಗಿದೆ. ಸ್ಟೇನ್‌ಲೆಸ್ ಸ್ಟೀಲ್, ತುಕ್ಕು ಹಿಡಿಯೋದಿಲ್ಲ ಅಂತೀರಿ. ಸ್ಟೇನ್‌ಲೆಸ್ಸಿಗೆ ತುಕ್ಕು ಹಿಡಿಯದೇ ಇರೋದಕ್ಕೆ ಕಾರಣ ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಗೀರಿದರೂ ಗಾಳಿಯ ಆಮ್ಲಜನಕ ಸಿಕ್ಕಿದರೆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದನ್ನೇ ಉಪ್ಪುನೀರಿನಲ್ಲಿ ನೆನೆಸಿ, ಗಾಳಿಯಾಡದಂತೆ ಮುಚ್ಚಿಬಿಡಿ. ಪೊರೆ ಕಟ್ಟೋದಿಲ್ಲ. ಲೋಹ ಒಳಗೊಳಗೇ ತಿಂದುಹೋಗುತ್ತದೆ. ಅಂದರೆ ಆ ಪಟ್ಟಿಯ ಸುತ್ತ ಸಿಲಿಕೋನ್ ಮೆತ್ತಿದವರು ಅದನ್ನು ಕಾಪಾಡಲಿಲ್ಲ, ಉಸಿರುಗಟ್ಟಿಸಿದರು.

ನಾವು ಎಡಗಡೆಯ ಚೈನ್‌ಪ್ಲೇಟ್ ಬಿಚ್ಚಿ ಹೊರಗೆ ಎಳೆದೆವು. ಡೆಕ್ಕಿನ ಮೇಲೆ ಕಾಣುವ ಭಾಗ ಪಳಪಳ. ಕೆಳಗೆ ಅಡ್ಡಗೋಡೆಗೆ ಕೂತ ಭಾಗವೂ ಸುಮಾರಾಗಿತ್ತು. ಡೆಕ್ಕಿನ ದಪ್ಪದೊಳಗೆ ಅಡಗಿದ್ದ ಒಂದೂವರೆ ಇಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಗಲಕ್ಕೆ ಬಿರುಕು, ಸುತ್ತ ಕಂದು ಬಣ್ಣದ ಗುಳಿಗಳು.

ನಾವಿಬ್ಬರೂ ಮಾತಾಡಲಿಲ್ಲ. ಮೂರು ವಾರದ ಹಿಂದೆ ಅದೇ ದೋಣಿಯಲ್ಲಿ ಅವನ ಮಗಳು, ನನ್ನ ಮಗ ಇಬ್ಬರನ್ನೂ ಕೂರಿಸಿಕೊಂಡು ಕೊಲ್ಲಿಯ ನಡುವೆ ಹೋಗಿಬಂದಿದ್ದೆವು. ಬೇಸಿಗೆಯ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಒಳನಾಡು ಕಾಯುತ್ತದೆ, ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟಿನ ಸಂದಿಯಿಂದ ನುಗ್ಗುತ್ತದೆ. 20ರಿಂದ 25 ನಾಟ್, ಅಂದರೆ ಗಂಟೆಗೆ 40 ಕಿಲೋಮೀಟರ್ ಆಸುಪಾಸು, ಇಲ್ಲಿ ದಿನನಿತ್ಯದ ಮಾತು. ಆ ಗಾಳಿಯಲ್ಲಿ ದೋಣಿ ವಾಲಿದಾಗ ಗಾಳಿ ಬರುವ ಬದಿಯ ತಂತಿಗಳಿಗೆ ಒಂದು ಸಣ್ಣ ಕಾರನ್ನು ನೇತುಹಾಕಿದಷ್ಟು ಭಾರ ಬೀಳುತ್ತದೆ. ಆ ಪಟ್ಟಿ ಹರಿದಿದ್ದರೆ ಕಂಬ, ತಂತಿ, ಹಾಯಿ ಎಲ್ಲ ಸೇರಿ ಮಕ್ಕಳಿದ್ದ ಕಡೆಗೇ ಬೀಳಬಹುದಿತ್ತು. ಕೊಲ್ಲಿಯ ನೀರು ಬೇಸಿಗೆಯಲ್ಲೂ ಮೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಅವತ್ತು ಏನೂ ಆಗಲಿಲ್ಲ. ‘ಏನೂ ಆಗಲಿಲ್ಲವಲ್ಲ’ ಅನ್ನೋದೇ ಜುಗಾಡಿನ ಪರವಾಗಿ ಇರುವ ಏಕೈಕ ಸಾಕ್ಷಿ, ಗಮನಿಸಿ.

2012ರಲ್ಲಿ ‘ಜುಗಾಡ್ ಇನ್ನೋವೇಶನ್’ ಅಂತ ಪುಸ್ತಕವೇ ಬಂತು. ಆಮೇಲೆ ಮ್ಯಾನೇಜ್‌ಮೆಂಟ್ ಮಂದಿಗೆ ಅದೊಂದು ಮಂತ್ರವಾಯಿತು. ನಾನು ಹೇಳುತ್ತಿರೋದು ಕೈಯಲ್ಲಿ ಕಾಸಿಲ್ಲದವನ ಬಗ್ಗೆ ಅಲ್ಲ. ಬಿಡಿಭಾಗ ಸಿಗದ ಹಳ್ಳಿಯಲ್ಲಿ ಪಂಪ್‌ಸೆಟ್ಟಿಗೆ ತಂತಿ ಸುತ್ತಿ ಬೆಳೆ ಉಳಿಸಿಕೊಳ್ಳುವ ರೈತನಿಗೆ ನನ್ನ ನಮಸ್ಕಾರ. ಅವನು ಅದನ್ನು ಬೇರೆ ದಾರಿಯಿಲ್ಲದೆ ಮಾಡುತ್ತಾನೆ, ದುಡ್ಡು ಬಂದ ದಿನ ಹೊಸ ಭಾಗ ಹಾಕಿಸುತ್ತಾನೆ. ನನ್ನ ಜಗಳ ಇರೋದು ದುಡ್ಡೂ ಇದ್ದು, ಉಪಕರಣವೂ ಇದ್ದು, ರಜೆಯೂ ಇದ್ದು, ಅವನ ಕಷ್ಟವನ್ನು ನಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಂಡ ನಮ್ಮಂಥವರ ಜೊತೆ.

ಸಮುದ್ರದಲ್ಲೂ ಜುಗಾಡ್ ಇಲ್ಲವಾ ಅಂತ ಕೇಳ್ತೀರಿ. ಖಂಡಿತ ಇದೆ. ನಮ್ಮ ನೌಕಾಪಡೆಯಿಂದ ಬಂದ ಅಭಿಲಾಷ್ ಟೋಮಿಯವರನ್ನೇ ನೋಡಿ. ಗೋಲ್ಡನ್ ಗ್ಲೋಬ್ ಅನ್ನೋ ರೇಸು ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವಂಥದ್ದು. ಅದರಲ್ಲಿ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳಿಗೆ ಮಾತ್ರ ಪ್ರವೇಶ. 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ಹಾಯಿಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು, ಕಾಪಾಡಿ ತರಬೇಕಾಯಿತು. ಮುಂದಿನ ರೇಸಿಗೆ ಮತ್ತೆ ಹೋದರು. ದೋಣಿಯನ್ನು ತಾನೇ ನಡೆಸುವ ಗಾಳಿ-ಚುಕ್ಕಾಣಿ ದಾರಿಯಲ್ಲಿ ಕೈಕೊಟ್ಟಾಗ ಟಾಯ್ಲೆಟ್ ಬಾಗಿಲನ್ನೂ ಬಿಡದೆ ಬಳಸಿ ರಿಪೇರಿ ಮಾಡಿಕೊಂಡು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು. ಅದು ನಡುಸಮುದ್ರದ ರಿಪೇರಿ. ಮುರಿದಿದೆ ಅಂತ ಪ್ರತಿ ಕ್ಷಣವೂ ಗೊತ್ತಿದ್ದವನು ಮಾಡಿದ್ದು, ಅದರ ಫಲವನ್ನು ತಾನೇ ಉಣ್ಣಬೇಕಾದವನು ಮಾಡಿದ್ದು. ನಾವು ಮಾಡೋದು ದಡದಲ್ಲಿ, ಅಂಗಡಿಯ ಪಕ್ಕದಲ್ಲಿ, ಮುರಿದದ್ದು ಕಾಣದಿರಲಿ ಅಂತ. ಎರಡಕ್ಕೂ ಒಂದೇ ಹೆಸರಿಡೋದು ಅನ್ಯಾಯ.

ಜುಗಾಡಿಗೆ ಬಿಲ್ ಇಲ್ಲ ಅಂತಲ್ಲ. ಬಿಲ್ ಬೇರೆಯವನ ಹೆಸರಿಗೆ ಹೋಗುತ್ತದೆ, ಅಷ್ಟೇ. ಬೆಂಗಳೂರಿನ ನನ್ನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಾತ್‌ರೂಮ್ ಸೋರುತ್ತದೆ. ನಾಲ್ಕು ವರ್ಷದಿಂದ ಮೇಲಿನವರು ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ಮೆತ್ತಿಸುತ್ತಿದ್ದಾರೆ, ಅಕ್ಕ ಸೀಲಿಂಗಿಗೆ ಬಣ್ಣ ಹೊಡೆಸುತ್ತಿದ್ದಾಳೆ. ಟೈಲ್ಸ್ ಕಿತ್ತು ನೋಡೋಣ ಅಂದರೆ ‘ಅಷ್ಟೊಂದು ಯಾಕೆ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಒಳಗಿನ ಕಬ್ಬಿಣ ಅಡ್ಜಸ್ಟ್ ಮಾಡ್ಕೊಳ್ಳೋದಿಲ್ಲ.

ನಾನೇನು ಸಾಚಾ ಅಲ್ಲ. ಬೆಂಗಳೂರಿನ ಹಳೇ ಕೆಲಸದಲ್ಲಿ ಒಂದು ರಾತ್ರಿ ಬರೆದ ಕೋಡಿನ ಮೇಲೆ ‘ತಾತ್ಕಾಲಿಕ, ಆಮೇಲೆ ತೆಗೆಯಬೇಕು’ ಅಂತ ಕಾಮೆಂಟ್ ಹಾಕಿದ್ದೆ. ಮಾರನೇ ದಿನ ಎಲ್ಲರೂ ಬೆನ್ನು ತಟ್ಟಿದರು. ಆರು ವರ್ಷದ ಮೇಲೆ ಒಬ್ಬ ಹುಡುಗಿ, ನಾನು ಯಾವತ್ತೂ ನೋಡದವಳು, ಲಿಂಕ್ಡ್‌ಇನ್‌ನಲ್ಲಿ ನನ್ನನ್ನು ಹುಡುಕಿ ‘ಸರ್, ಇದು ಯಾಕೆ ಹೀಗಿದೆ ಅಂತ ನೆನಪಿದೆಯಾ?’ ಅಂತ ಕೇಳಿದಳು. ಅವಳು ಎರಡು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ. ನನಗೆ ನೆನಪಿರಲಿಲ್ಲ. ಬೆನ್ನು ತಟ್ಟಿಸಿಕೊಂಡಿದ್ದು ನಾನು, ನಿದ್ದೆಗೆಟ್ಟಿದ್ದು ಅವಳು.

ವಿಚಿತ್ರ ಅಂದರೆ ನಾನು ಹುಟ್ಟಿದ್ದು ಗಂಗೊಳ್ಳಿ ಕಡೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ದೋಣಿಗಳನ್ನು ಮೇಲೆಳೆದು ತಳ ಕೆರೆದು, ಹಲಗೆ ನೋಡಿ, ಇಂಜಿನ್ ಬಿಚ್ಚಿ, ಬಲೆ ಹೆಣೆದು ಕೂರುತ್ತಾರೆ. ನಮ್ಮ ಮಾವ ಹೇಳುತ್ತಿದ್ದರು, ‘ದೋಣಿ ದಡದಲ್ ಇಪ್ಪತಿಗೇ ಎಲ್ಲ ಕಂಡ್ಕಣ್ಕ್.’ ನೀರಿಗೆ ಇಳಿದ ಮೇಲೆ ನೋಡಿಕೊಳ್ಳೋಕೆ ಸಮಯ ಇರೋದಿಲ್ಲ. ದುರಸ್ತಿಗೂ ಕ್ಯಾಲೆಂಡರಿನಲ್ಲಿ ಜಾಗ ಇದ್ದ ಊರಿನಿಂದ ಬಂದು, ಹೊಸದನ್ನು ಲಾಂಚ್ ಮಾಡಿದವನಿಗೆ ಪ್ರಮೋಷನ್, ಹಳೆಯದನ್ನು ಕಾಪಾಡಿದವನಿಗೆ ‘ಥ್ಯಾಂಕ್ಸ್’ ಇಮೇಲ್ ಕೊಡುವ ಲೋಕಕ್ಕೆ ಸೇರಿ, ನಾನೂ ಟ್ಯೂಬ್ ಹಿಡಿದುಕೊಂಡೆ.

ಸರಿಯಾಗಿ ಮಾಡೋಕೆ ನಮಗೆ ಏಳು ತಿಂಗಳ ವಾರಾಂತ್ಯಗಳು ಬೇಕಾದವು. ಖರ್ಚು ದೋಣಿಯ ಬೆಲೆಗಿಂತ ಹೆಚ್ಚಾಯಿತು. ನನ್ನ ಹೆಂಡತಿ ‘ಇದಕ್ಕಿಂತ ಹೊಸದೇ ಬರ್ತಿತ್ತು’ ಅಂದಳು. ಹೊಸದು ಬರುತ್ತಿರಲಿಲ್ಲ, ಆದರೆ ಅವಳ ಸಿಟ್ಟು ನ್ಯಾಯವೇ. ಕೊಳೆತ ಬಾಲ್ಸಾ ತೆಗೆದು ಹೊಸದು ಕೂರಿಸಿದೆವು. ಪ್ರತಿ ತೂತಿಗೂ ಎಪಾಕ್ಸಿ ತುಂಬಿದೆವು. ಎರಡೂ ಕಡೆಯ ಚೈನ್‌ಪ್ಲೇಟ್, ತಂತಿ ಎಲ್ಲ ಹೊಸದು. ಬೋಲ್ಟುಗಳ ಕೆಳಗೆ ಬ್ಯುಟೈಲ್ ಟೇಪ್ ಹಾಕಿದೆವು. ಅದು ಜೇಡಿಮಣ್ಣಿನ ಹಾಗೆ ಮೆತ್ತಗೇ ಉಳಿಯುತ್ತದೆ, ಬೇಕಾದಾಗ ಬಿಚ್ಚಬಹುದು. ನನ್ನ ಲೆಕ್ಕದಲ್ಲಿ ರಿಪೇರಿ ಅಂದರೆ ಇಷ್ಟೇ: ಮುಂದಿನವನು ಬಿಚ್ಚಿ ನೋಡುವ ಹಾಗಿರಬೇಕು, ಏನು ಮಾಡಿದ್ದೇವೆ ಅಂತ ಅವನಿಗೆ ಗೊತ್ತಾಗಬೇಕು.

ಸಮಯ ಇಲ್ಲ ಅನ್ನಬೇಡಿ. ಸಮಯ ಇಲ್ಲದಿದ್ದರೆ ಹಚ್ಚಿ, ತಪ್ಪಿಲ್ಲ. ಆದರೆ ಅದರ ಮೇಲೆ ತಾರೀಖು ಬರೆಯಿರಿ, ಎಂದು ಕೀಳ್ತೀರಿ ಅಂತಲೂ ಬರೆಯಿರಿ, ಮತ್ತು ಅದನ್ನು ಪ್ರತಿಭೆ ಅಂತ ಕರೆಯಬೇಡಿ.

ನಮ್ಮ ದೋಣಿಯಲ್ಲೀಗ ಒಂದು ನೋಟ್‌ಬುಕ್ ಇದೆ. ಹೋದ ತಿಂಗಳು ಹುಬ್ಬಳ್ಳಿಯ ಗೆಳೆಯ ಅದರಲ್ಲಿ ಬರೆದಿದ್ದಾನೆ: ‘ಎಡಗಡೆ ಚೈನ್‌ಪ್ಲೇಟ್ ಬಿಚ್ಚಿ ನೋಡೇನಿ. ಒಣಾ ಐತಿ. ಮುಂದಿನ ವರ್ಷ ಮತ್ತ ಬಿಚ್ಚಬೇಕು.’